ನಿನ್ನ ಹೆಸರಿನಲ್ಲಿರುವ ಲೈನು

ಭಾನುವಾರ, ಊಟವಾದ ಮೇಲೆ

ಟೆಸ್ಟ್ ಡೆಸ್ಕಿನ ಮಾಜಿ ಮಹಾರಾಣಿಯವರಿಗೆ, ಕಂಬದ ರಾಯನ ನಮಸ್ಕಾರಗಳು.

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ವೇದಿಕೆಯ ಕೆಳಗೆ ಕಾಫಿಗೆ ಕಾಯುತ್ತಿರುವ ಅಗಣ್ಯರೇ! ತಂತಿಯಿಂದ ಅಂತರ್ಜಾಲದವರೆಗೆ ಮನುಷ್ಯನ ಮಾತು ನಡೆದು ಬಂದ ದಾರಿಯನ್ನು ತಮ್ಮ ಮುಂದಿಡಲು ಹರ್ಷಿಸುತ್ತೇನೆ.

ಗಾಬರಿಯಾಗಬೇಡ. ಶುಕ್ರವಾರ ನಮ್ಮ ಹಳೆಯ ಎಕ್ಸ್‌ಚೇಂಜನ್ನು ಮುಚ್ಚುತ್ತಾರೆ. ಸಮಾರಂಭದ ಭಾಷಣ ನನ್ನದು. "ನೀವು ಪ್ರಾಸ ಹಾಕಿ ಮಾತಾಡ್ತೀರಲ್ಲ, ನೀವೇ ಮಾಡಿ. ಉದ್ದ ಎಳೀಬೇಡಿ ಅಷ್ಟೆ, ಜನ ಎದ್ದು ಹೋಗ್ತಾರೆ" ಎಂದರು ಸಾಹೇಬರು. ನನ್ನನ್ನು ತಿದ್ದುವವರು ನೀನಲ್ಲದೆ ಇನ್ನಾರಿದ್ದಾರೆ? ಮೊಬೈಲಿನಲ್ಲೇ ಕಳಿಸಬಹುದಿತ್ತು. ಆದರೆ ಅಲ್ಲಿ ನೀನು ಓದಿದೆ ಎಂದು ಎರಡು ನೀಲಿ ಗೆರೆ ಬರುತ್ತವೆ, ಆಮೇಲೆ ಏನೂ ಬರುವುದಿಲ್ಲ. ಅದಕ್ಕಿಂತ ಅಂಚೆ ವಾಸಿ. ತಲುಪಿಲ್ಲವೇನೋ ಎಂದುಕೊಂಡು ಇರಬಹುದು.

ಮುಂದುವರಿಸುತ್ತೇನೆ. ಮೊದಲು ತಂತಿ. ಇಲ್ಲಿ ಕಟಕಟ ಕುಟ್ಟಿದರೆ ಸಾವಿರ ಮೈಲಿಯಾಚೆ ಯಾರೋ ಬರೆದುಕೊಳ್ಳುತ್ತಿದ್ದರು. ತಂತಿ ಬಂತೆಂದರೆ ಮನೆಮಂದಿ ಒಡೆಯುವ ಮೊದಲೇ ಅಳುತ್ತಿದ್ದರು. ಒಡೆದು ನೋಡಿದರೆ ಮಗು ಹುಟ್ಟಿದ ಸುದ್ದಿ, ಅತ್ತದ್ದು ದಂಡ. ಆಮೇಲೆ ಟ್ರಂಕ್ ಕಾಲ್. ಬುಕ್ ಮಾಡಿ, ಕಾದು ಕಾದು, ಸಿಕ್ಕಾಗ ಕಿರುಚಬೇಕು: ಹೇಳುವುದು ಗುಟ್ಟು, ಬೀದಿಗೆಲ್ಲ ರಟ್ಟು. ಮುಂದೆ ಮನೆಮನೆಗೂ ಫೋನು. ಅದರ ಹಿಂದೆಯೇ ಅದೇ ತಾಮ್ರದ ತಂತಿಯಲ್ಲಿ ಕೀಂಯ್ ಎಂದು ಕೂಗುತ್ತ ಇಂಟರ್‌ನೆಟ್ಟು. ಈಗ ಫೈಬರ್ ಎಂಬ ಗಾಜಿನ ಎಳೆ, ಕೂದಲಿಗಿಂತ ತೆಳು. ಅದನ್ನು ಬೆಸೆಯಲು ನನಗೆ ಕನ್ನಡಕ ಬೇಕು. ನೆಟ್ಟಿಗೆ ಬಂದವರು ನೆಟ್ಟಗೆ ಮನೆಗೆ ಬರಲಿಲ್ಲ. (ಇಲ್ಲಿ ಚಪ್ಪಾಳೆಗೆ ಸ್ವಲ್ಪ ನಿಲ್ಲಬೇಕು.)

ಇನ್ನು ಮುಂದಿನದು ಭಾಷಣದಲ್ಲಿಲ್ಲ. ನಾನು ಕಂಬ ಹತ್ತಿ, ಲೈನು ಸರಿಮಾಡಿ, ಅಲ್ಲಿಂದಲೇ ಎಕ್ಸ್‌ಚೇಂಜಿನಲ್ಲಿ ಲೈನು ಪರೀಕ್ಷಿಸುತ್ತಿದ್ದ ನಿನ್ನ ಡೆಸ್ಕಿಗೆ ಫೋನ್ ಹಚ್ಚಿ "ಕೇಳಿಸ್ತಾ ಇದೆಯಾ ಮೇಡಂ?" ಎಂದರೆ, ನೀನು "ಕೇಳಿಸ್ತಾ ಇದೆ, ಕೂಗಬೇಡಿ, ಕಂಬ ಬಿದ್ದೀತು" ಎನ್ನುತ್ತಿದ್ದೆ. ಕೆಡದ ಲೈನುಗಳನ್ನೂ ಎಷ್ಟೋ ಸರಿಮಾಡಿದ್ದೇನೆ, ನಿನಗೆ ಗೊತ್ತಿಲ್ಲ. ಮದುವೆಯಾಗಿ ಒಂದೇ ಸೂರಿನಡಿ ಬಂದ ಮೇಲೆ ಯಾವ ಕಂಬ ಹತ್ತಬೇಕೋ ನನಗೆ ತಿಳಿಯಲಿಲ್ಲ. ನಮ್ಮಲ್ಲಿ ಜಗಳವೂ ಆಗಲಿಲ್ಲ. ಆಗಿದ್ದರೆ ಕನೆಕ್ಷನ್ ಇದೆ ಎಂದಾದರೂ ಅನ್ನಬಹುದಿತ್ತು. "ನಿಮ್ಮ ಹತ್ರ ಮಾತಾಡೋದು, ಎಂಗೇಜ್ ಟೋನ್ ಕೇಳ್ಕೊಂಡು ಕೂತ ಹಾಗೆ" ಎಂದು ಹೇಳಿ, ನೀನು ವರ್ಗ ಮಾಡಿಸಿಕೊಂಡು ನಿನ್ನ ಅಕ್ಕನ ಊರಿಗೆ ಹೊರಟುಹೋದೆ.

ಈಗ ವಿಷಯ. ಎಕ್ಸ್‌ಚೇಂಜ್ ಮುಚ್ಚುವ ಮುಂಚೆ ಹಳೆಯ ಲೈನುಗಳನ್ನು ಗಾಜಿನ ಎಳೆಗೆ ಬದಲಿಸಬೇಕು, ಇಲ್ಲವೇ ಕತ್ತರಿಸಬೇಕು. ಮನೆಯ ಲೈನು ನಿನ್ನ ಹೆಸರಿನಲ್ಲಿದೆ. ನಿನ್ನ ಅಕ್ಕನ ಕೈಲಿ ನೀನು ಹೇಳಿಕಳಿಸಿದ್ದು ತಲುಪಿತು: "ಕತ್ತರಿಸಲಿ. ದಿನಾ ಸಂಜೆ ಅವರಿಗೆ ಯಾರದೋ ಫೋನ್ ಬರುತ್ತಂತೆ. ತಮ್ಮ ಹೆಸರಲ್ಲೇ ಒಂದು ತಗೊಂಡು ಮಾತಾಡ್ಕೊಳ್ಳಲಿ. ಆ ಮನೇಲಿ ಇನ್ನು ನನ್ನದೇನಿದೆ?"

ಅಲ್ಲಿಗೆ ವರದಿ ಒಪ್ಪಿಸುವುದು ಪಕ್ಕದ ಮನೆಯ ದರ್ಜಿಯ ಹೆಂಡತಿ ಎಂದು ಬಲ್ಲೆ. ಆ ತಾಯಿ ಮೊನ್ನೆ ಕಾಂಪೌಂಡಿನ ಮೇಲಿಂದ ಬಗ್ಗಿ, "ಏನಣ್ಣಾ, ಲೈಟ್ ಹಾಕೋ ಹೊತ್ತಿಗೆ ಸರಿಯಾಗಿ ಟ್ರಿಣ್ ಅನ್ನುತ್ತೆ! ಬಹಳ ಬೇಕಾದೋರು ಇರಬೇಕು" ಎಂದಳು. ನಾನು "ಹೂಂ, ಬೇಕಾದೋರೇ" ಎಂದು ಮೀಸೆ ತೀಡಿದೆ.

ಆ ಫೋನಿನ ಬಗ್ಗೆ ಹೆಚ್ಚು ಹೇಳಲಾರೆ. ಮಾಡುವ ವ್ಯಕ್ತಿ ಮಿತಭಾಷಿ, ನಡತೆ ಒಳ್ಳೆಯದು, ನನಗೆ ಬಹಳ ವರ್ಷದಿಂದ ಪರಿಚಯ. ನೀನು ಮನಸ್ಸಿಗೆ ಹಚ್ಚಿಕೊಳ್ಳುವಂಥದ್ದು ಏನೂ ಇಲ್ಲ.

ಕತ್ತರಿಸುವುದೋ, ಬದಲಿಸುವುದೋ, ಶುಕ್ರವಾರದೊಳಗೆ ತಿಳಿಸು. ಭಾಷಣದ ತಪ್ಪುಗಳಿಗೆ ಕೆಂಪು ಗೀಟು ಎಳೆ. ನಿನ್ನ ಅಕ್ಕನಿಗೆ ನನ್ನ ನಮಸ್ಕಾರ, ಒಪ್ಪಿಕೊಂಡರೆ.

ಇಂತಿ,
ನಿನ್ನ ಲೈನಿನ ಹಂಗಾಮಿ ಬಳಕೆದಾರ

ತಾ.ಕ.: ಯಾರೂ ಫೋನ್ ಮಾಡುವುದಿಲ್ಲ. ರಿಪೇರಿಯಾದ ಮೇಲೆ ನಾವು ಒತ್ತುತ್ತಿದ್ದ ಟೆಸ್ಟ್ ನಂಬರು ಇತ್ತಲ್ಲ, ಒತ್ತಿ ರಿಸೀವರ್ ಇಟ್ಟರೆ ಅದೇ ಫೋನು ತಾನೇ ರಿಂಗಾಗುವುದು, ಅದು ಇನ್ನೂ ನಡೆಯುತ್ತಿದೆ. ಕೆಲಸದಿಂದ ಬಂದು ಅದನ್ನು ಒತ್ತಿಟ್ಟು ಕೈಕಾಲು ತೊಳೆಯಲು ಹೋಗುತ್ತೇನೆ. ಬಚ್ಚಲಿನಿಂದ ಕೇಳಿದರೆ ಯಾರೋ ಕರೆಯುತ್ತಿರುವಂತೆಯೇ ಇರುತ್ತದೆ. ಒದ್ದೆ ಕೈಯಲ್ಲೇ ಓಡಿ ಬಂದು ಎತ್ತುತ್ತೇನೆ. ಗೊತ್ತಿದ್ದೂ ಹಲೋ ಅನ್ನುತ್ತೇನೆ. ಸಮಾರಂಭವೂ ಇಲ್ಲ, ಭಾಷಣವೂ ಇಲ್ಲ, ಸಾಹೇಬರ ಮಾತು ನಾನೇ ಕಟ್ಟಿದ್ದು. ಶುಕ್ರವಾರ ಸ್ವಿಚ್ ಆರಿಸಲು ನನ್ನೊಬ್ಬನನ್ನೇ ಹಾಕಿದ್ದಾರೆ. ಕತ್ತರಿಸು ಅನ್ನಬೇಡ ಕಣೇ.