ಉಷಾಗೆ ಹೇಳಿದ ತೈರಾ ವಂಶದ ಕಥೆ

೨೦೧೪ ಫೆಬ್ರವರಿ ೪, ಸ್ಯಾನ್ ಡಿಯಾಗೊ

ಮತ್ತೆ ಕೀಮೋ. ಉಷಾ ಕುರ್ಚಿಯಲ್ಲಿ ಒರಗಿ, ಕೈಗೆ ಸೂಜಿ. ಪಕ್ಕದಲ್ಲಿ ನಾನು, ಲೈಬ್ರರಿ ಪುಸ್ತಕ ಹಿಡಿದು — ಇಂಗ್ಲಿಷನ್ನು ಅಲ್ಲಲ್ಲೇ ಕನ್ನಡ ಮಾಡುತ್ತ. ಎಂಟುನೂರು ವರ್ಷದ ಹಿಂದಿನ ಜಪಾನು. ಅರಮನೆ ಕಾಯುತ್ತಿದ್ದ ತೈರಾ ವಂಶದವರು ಕೊನೆಗೆ ಅರಮನೆಯನ್ನೇ ಆಳಿದರು. ಯಜಮಾನ ಕಿಯೊಮೊರಿ ಮಗಳನ್ನು ಚಕ್ರವರ್ತಿಗೆ ಕೊಟ್ಟ. ಎರಡು ವರ್ಷದ ಮೊಮ್ಮಗನನ್ನು ಸಿಂಹಾಸನದ ಮೇಲೆ ಕೂರಿಸಿದ.

"ಎರಡು ವರ್ಷಕ್ಕೇ? ಚಡ್ಡಿ ಹಾಕ್ಕೊಳ್ಳೋಕೆ ಬರ್ತಿತ್ತೇನ್ರೀ ಅದಕ್ಕೆ?"

ನರ್ಸ್ ತಿರುಗಿ ನೋಡುವಷ್ಟು ನಕ್ಕೆವು. ತುಮಕೂರಿನಲ್ಲಿ ಅಷ್ಟು ವರ್ಷ ಹಿಸ್ಟರಿ ಪಾಠ ಮಾಡಿದೆ. ಇಂಥ ವಿದ್ಯಾರ್ಥಿ ಸಿಗಲಿಲ್ಲ.

ಫೆಬ್ರವರಿ ೨೫

ಕಿಯೊಮೊರಿ ಸತ್ತ, ಜ್ವರದಲ್ಲಿ ಮೈ ಕೆಂಡವಾಗಿ. ಮೆರೆದದ್ದಕ್ಕೆ ಸರಿಯಾಯ್ತು ಅನ್ನುತ್ತಾಳೆ ಅಂದುಕೊಂಡಿದ್ದೆ. "ಪಾಪ, ಬಾಯಿಗೆ ನೀರು ಬಿಡೋರು ಇದ್ರಾ?" ಎಂದಳು. ವೈರಿಗಳು ರಾಜಧಾನಿಗೆ ನುಗ್ಗಿದರು. ತೈರಾಗಳು ಮಗು ಚಕ್ರವರ್ತಿಯನ್ನು ಎತ್ತಿಕೊಂಡು ಹಡಗು ಹತ್ತಿದರು. ಒಂದು ಅಧ್ಯಾಯ ಬಾಕಿ.

ಮಾರ್ಚ್ ೧೧, ಲಾಸ್ ಏಂಜಲೀಸ್

ಸೆಕೆಂಡ್ ಒಪಿನಿಯನ್‌ಗೆ ಬಂದದ್ದು. ಮಗಳು ಪ್ರಣತಿ ಆಫೀಸಿಗೆ ರಜೆ ಹಾಕಿ ಡ್ರೈವ್ ಮಾಡಿದಳು. ಡಾಕ್ಟರು ಸ್ಕ್ಯಾನ್ ತೋರಿಸಿದರು: ಔಷಧಿ ಹಿಡಿದಿಲ್ಲ, ಲಿವರ್‌ಗೂ ಹರಡಿದೆ. ಉಷಾ ನನ್ನ ಮುಖ ನೋಡಿದಳು — ಡಾಕ್ಟರ ಇಂಗ್ಲಿಷ್ ಎಲ್ಲ ಅವಳಿಗೆ ನನ್ನ ಬಾಯಿಂದಲೇ.

"ಪರವಾಗಿಲ್ವಂತೆ. ಬೇರೆ ಔಷಧಿ ಕೊಡ್ತಾರಂತೆ," ಎಂದೆ.

ಪ್ರಣತಿ ಕಿಟಕಿಯತ್ತ ತಿರುಗಿದಳು. ನಮ್ಮ ಮನೆಗಳಲ್ಲಿ ರೋಗಿಗೆ ಇಂಥದ್ದನ್ನು ಯಾರು ಹೇಳುತ್ತಾರೆ? ನಮ್ಮಪ್ಪನಿಗೂ ಹೇಳಿರಲಿಲ್ಲ.

ಮಾರ್ಚ್ ೧೮, ಸ್ಯಾನ್ ಡಿಯಾಗೊ

ಕೊನೆಯ ಅಧ್ಯಾಯ ಕೇಳಿದಳು. ಸಮುದ್ರದ ಮೇಲೆ ಯುದ್ಧ, ತೈರಾಗಳ ಸೋಲು. ಪುಸ್ತಕದಲ್ಲಿ ಅಜ್ಜಿ, ಕಿಯೊಮೊರಿಯ ಹೆಂಡತಿ, ಮಗುವನ್ನು ಎತ್ತಿಕೊಂಡು ನೀರಿಗೆ ಹಾರುತ್ತಾಳೆ. ನಾನು ಬೆಸ್ತನೊಬ್ಬನನ್ನು ಕರೆತಂದು ಇಬ್ಬರನ್ನೂ ಬದುಕಿಸಿದೆ. ದೋಣಿ, ಬಲೆ, ಬಿಸಿ ಗಂಜಿ... ಬಾಯಿಗೆ ಬಂದದ್ದು.

ಮಾರ್ಚ್ ೨೦, ಬೆಳಿಗ್ಗೆ

ಕಾಫಿ ಕೊಟ್ಟು ಕೂತೆ.

"ರೀ, ನಿಜವಾದ್ದು ಹೇಳಿ. ಆ ಗಂಜಿ ಪುಸ್ತಕದ್ದಲ್ಲ, ನಮ್ಮನೇದು."

ಸಿಕ್ಕಿಬಿದ್ದೆ. ಹೇಳಿದೆ. ಅಜ್ಜಿ, ಮಗು, ನೀರು. ಹಿಂದೆಯೇ ಹಾರಿದ ಮಗುವಿನ ತಾಯಿಯನ್ನು ವೈರಿಗಳು ಕೂದಲಿಗೆ ಕೊಕ್ಕೆ ಹಾಕಿ ಮೇಲೆಳೆದದ್ದು. ಆಮೇಲೆ ಅವಳು ಬೆಟ್ಟದ ಗುಡಿಸಲಲ್ಲಿ ಸತ್ತವರನ್ನೆಲ್ಲ ನೆನೆಯುತ್ತ ಉಳಿದದ್ದು.

ಉಷಾ ಸ್ಕಾರ್ಫ್ ತೆಗೆದು ಬೋಳುತಲೆ ಸವರಿಕೊಂಡಳು. "ನನ್ನನ್ನ ಎಳೆಯೋಕೆ ಕೂದಲೂ ಇಲ್ವಲ್ರೀ."

ನಗು ಬಂತು. ಅಳುವೂ ಬಂತು. ಇವಳಿಲ್ಲದೆ ನನ್ನಿಂದಾಗದು. ಅದನ್ನೇ ಹೇಳಿಬಿಟ್ಟೆ.

"ಗೊತ್ತು," ಎಂದಳು. "ಎಲ್ಲಿಗೆ ಕರ್ಕೊಂಡ್ ಹೋಗ್ತಿದ್ದೀನಿ ಅಂತ ಅಜ್ಜಿ ಮಗೂಗೆ ಹೇಳಿದ್ಳಾ?"

"ಮಗು ಕೇಳ್ತು. ಹೇಳಿದ್ಳು."

ಕೈ ಚಾಚಿದಳು. ಹಿಡಿದುಕೊಂಡೆ.

"ನಾನೂ ಕೇಳ್ತಿದೀನಿ. ಆ ಡಾಕ್ಟ್ರು ಏನಂದ್ರು?"

ಹೇಳಿದೆ. ಈ ಸಲ ಏನೂ ಬಿಡಲಿಲ್ಲ, ಏನೂ ಸೇರಿಸಲಿಲ್ಲ. ಪ್ರಣತಿಯೂ ಬಂದು ಅಮ್ಮನ ಪಕ್ಕ ಕೂತಳು. ಉಷಾ ನನ್ನ ಕೆನ್ನೆ ಒರೆಸಿ ಕೇಳಿದಳು —

"ಇಷ್ಟು ದಿನ ಇದನ್ನ ಒಬ್ರೇ ಹೊತ್ಕೊಂಡಿದ್ರಾ?"