ಮಹಡಿ ಮನೆ ಬಾಡಿಗೆಗಿದೆ

ಪೋತ್ತನೂರಿನ ರಂಗನಾಥ ಸಾರ್ ಅವರಿಗೆ ವಿಜಯಕುಮಾರಿಯ ನಮಸ್ಕಾರ.

ನಿನ್ನೆ ನಿಮ್ಮ ಮಹಡಿ ಮನೆ ಕೇಳಲು ಮಗಳೊಂದಿಗೆ ಬಂದಿದ್ದವಳು ನಾನು. ಈ ತಮಿಳು ಊರಿನಲ್ಲಿ ನಾವೂ ಮನೆಯಲ್ಲಿ ಕನ್ನಡ ಮಾತಾಡುವವರೆಂದು ತಿಳಿದು ನಿಮ್ಮ ಮನೆಯವರಾದ ವೇದವತಿ ಅಮ್ಮ ಖುಷಿಯಿಂದ ಕಾಫಿ ಕೊಟ್ಟರು, ಬೀಗದಕೈಯನ್ನೂ ತಂದರು. ಅಷ್ಟರಲ್ಲಿ ನೀವು ನನ್ನ ಆಧಾರ್ ಕಾರ್ಡಿನ ವಿಳಾಸ ನೋಡಿದಿರಿ.

"ಸ್ಲಂ ಬೋರ್ಡ್ ಬ್ಲಾಕಾಮ್ಮಾ? ಆ ಕಡೆಯೋರ್ಗೆ ನಾವು ಮನೆ ಕೊಡೋದಿಲ್ಲ. ತಪ್ಪಾಗಿ ನೆನಸ್ಬೇಡ" ಎಂದಿರಿ.

ನಿಮಗೆ ನನ್ನ ಗುರುತು ಹತ್ತಲಿಲ್ಲ, ಆದರೆ ನಾನು ನಿಮ್ಮನ್ನು ಮರೆತಿಲ್ಲ ಸಾರ್. ಏಳು ವರ್ಷದ ಹಿಂದೆ ಕೆರೆದಂಡೆಯ ನಮ್ಮ ಬೀದಿ ವಾಸಕ್ಕೆ ಯೋಗ್ಯವಲ್ಲವೆಂದು ಕಾನೂನು ತೋರಿಸಿ ಒಡೆಸಿದಾಗ, ಮುಂದೆ ನಿಂತಿದ್ದ ಅಧಿಕಾರಿ ನೀವೇ. ಬಾಗಿಲು ಹಿಡಿದು ಅಳುತ್ತಿದ್ದ ನನ್ನ ವಯಸ್ಸಾದ ಅತ್ತೆಗೆ, "ಅಳ್ಬೇಡಿ ಪಾಟಿ, ಇನ್ಮೇಲೆ ನಿಮ್ಗೂ ಒಂದು ಮರ್ಯಾದೆಯ ವಿಳಾಸ" ಎಂದು ಸರ್ಕಾರ ಕಟ್ಟಿಸಿದ ಆ ಬ್ಲಾಕಿನ ಬೀಗದಕೈ ಕೊಟ್ಟವರೂ ನೀವೇ. ಈಗ ಅಲ್ಲಿ ಗೋಡೆಯ ಗಾರೆ ಉದುರುತ್ತಿದೆ, ಚರಂಡಿ ನೀರು ಮೆಟ್ಟಿಲಿಗೆ ಬರುತ್ತದೆ.

ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಕೃತ್ತಿಕಾ ಮೆಲ್ಲಗೆ ಹೇಳಿದಳು: "ನಾನು ಸ್ಕೂಲಲ್ಲಿ ಯಾರ್ಗೂ ಆ ವಿಳಾಸ ಹೇಳೋದೇ ಇಲ್ಲಮ್ಮಾ. ಚಿತ್ತಿ ಮನೇದು ಹೇಳ್ತೀನಿ." ನನ್ನ ತಂಗಿಯ ಮನೆಯ ವಿಳಾಸ ಹೇಳುತ್ತಾಳಂತೆ. ನಿಮ್ಮ ಮಾತಿಗಿಂತ ಆ ಮಾತಿಗೇ ನನ್ನ ಎದೆ ಒಡೆಯಿತು.

ಮನೆ ಕೊಡಿ ಎಂದು ಇನ್ನು ಕೇಳುವುದಿಲ್ಲ. ನಿನ್ನೆ ಹೇಳಿದ್ದನ್ನು ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಕಳಿಸಿ. ಅದನ್ನು ಲಗತ್ತಿಸಿ, ನಮ್ಮ ಬ್ಲಾಕಿನ ಬಗ್ಗೆ ಸೋಮವಾರ ಕಲೆಕ್ಟರ್ ಕಚೇರಿಯಲ್ಲಿ ಮನವಿ ಕೊಡುತ್ತೇನೆ. ಅಂದು ಮಗಳಿಗೆ ಸ್ಕೂಲಿಗೆ ರಜೆ ಹೇಳಿದ್ದೇನೆ. ಮನವಿಯಲ್ಲಿ ನಮ್ಮ ವಿಳಾಸವನ್ನು ಅವಳೇ ಬರೆಯಲಿ.

ಇಂತಿ,
ವಿಜಯಕುಮಾರಿ