ಮೂವತ್ತೊಂದನೆಯ ಚಾಪೆ

ಅತ್ತೆಯವರೇ,

ನೀವು ಪೇಟೆಯಿಂದ ಬರುವವರೆಗೆ ಕಾಯಲಾಗಲಿಲ್ಲ. ಚಂಪಾಳನ್ನು ಕರೆದುಕೊಂಡು ಶಾಲೆಗೆ ಹೊರಟಿದ್ದೇನೆ. ಬಾಗಿಲವರೆಗೆ ಹೋಗಿ, ಮರಳಿ ಬಂದು ಇದನ್ನು ಬರೆಯುತ್ತಿದ್ದೇನೆ. ಪಲ್ಯ, ರೊಟ್ಟಿ ಮುಚ್ಚಿಟ್ಟಿದೆ. ಮೊದಲು ಊಟ ಮಾಡಿರಿ.

ಮೂರು ಗಂಟೆಗೆ ನೀವು ಕೇಶ್ವಾಪುರಕ್ಕೆ, ನಮ್ಮ ಶಾಲೆಗೆ ಬರಬೇಕು. ಟಾಂಗಾದಲ್ಲಿ ಬನ್ನಿರಿ, ಬಿಸಿಲಲ್ಲಿ ನಡೆಯಬೇಡಿರಿ. ನನ್ನ ಎರಡನೆಯ ಇಯತ್ತೆಯ ಮಕ್ಕಳು ಇಂದು ತಮ್ಮ ತಾಯಂದಿರನ್ನು ಚಹಾಕ್ಕೆ ಕರೆದಿದ್ದಾರೆ. ಒಲೆಯ ಕೆಲಸ ನನ್ನದು. ಅದನ್ನು ಅರ್ಧ ಗಂಟೆ ನೀವು ನೋಡಿಕೊಳ್ಳಬೇಕು. ಸೋಸುವ ಬಟ್ಟೆ ಹಿತ್ತಲಲ್ಲಿ ಒಣಗಿದೆ, ಮರೆಯದೆ ತನ್ನಿರಿ.

ಮೂವತ್ತೊಂದು ಮಕ್ಕಳ ತಾಯಂದಿರಿಗೆ ನಾನು ಮೂವತ್ತೇ ಚಾಪೆ ಹಾಕಿಸಿದ್ದೆ. ನಿನ್ನೆ ತಾಲೀಮಿನಲ್ಲಿ ಉಳಿದವರೆಲ್ಲ ತಮ್ಮ ತಾಯಿಯ ಚಾಪೆಯ ಮುಂದೆ ಖಾಲಿ ಕಪ್ಪು ಇಟ್ಟರೂ ಚಂಪಾ ಕಪ್ಪು ಹಿಡಿದು ನಿಂತೇ ಇದ್ದಳು. "ಯಾಕ ನಿಂತೀ? ಕೊಡು" ಎಂದು ಗದರಿದೆ.

"ಯಾರಿಗೆ ಕೊಡ್ಲಿರಿ, ಅಕ್ಕಾರ?" ಎಂದಳು.

ಶಾಲೆಯಲ್ಲಿ ಅವ್ವ ಎನ್ನಬಾರದು, ಉಳಿದ ಮಕ್ಕಳಂತೆ ಅಕ್ಕಾರ ಎನ್ನಬೇಕೆಂದು ಹೇಳಿಕೊಟ್ಟವಳು ನಾನೇ. ಮನೆಗೆ ಬರುವಾಗ ದಾರಿಯಲ್ಲಿ, "ಅಪ್ಪಾ ಹೋದಮ್ಯಾಲೆ ನೀ ಮನ್ಯಾಗೂ ಅಕ್ಕಾರೇ ಆಗೀದಿ" ಎಂದಳು.

"ವರ್ಷ ತುಂಬೂತನಕ ಯಾರು ಕರದ್ರೂ ಹೋಗಬಾರದವಾ" ಎನ್ನುತ್ತೀರಿ. ಎಂಟು ತಿಂಗಳು ಆ ಮಾತು ಮೀರಿಲ್ಲ. ಮೀರಬೇಕೆಂದು ಅನ್ನಿಸಲೂ ಇಲ್ಲ. ಇಂದು ಉಳಿದ ತಾಯಂದಿರ ಸಾಲಿನಲ್ಲಿ ನಾನೂ ಕೂಡ್ರುತ್ತೇನೆ. ನೀವು ಬರದಿದ್ದರೆ ಒಲೆ ಆರಿಸಿಯಾದರೂ ಕೂಡ್ರುತ್ತೇನೆ.

ಆದರೆ ಬನ್ನಿರಿ. ಅವಳು ಚಹಾ ತಂದು ಮುಂದಿಟ್ಟಾಗ ನನಗೆ ಅಳು ಬಂದರೆ, ಮಕ್ಕಳನ್ನು ನೋಡಿಕೊಳ್ಳಲು ಅಲ್ಲಿ ದೊಡ್ಡವರೊಬ್ಬರು ಬೇಕು.

ಕುಸುಮಾ